ಗಿರಣಿ ಓಬಳಮ್ಮನ ಐದನೆಯ ಪೆಟ್ಟಿಗೆ

ನಮ್ಮೂರಿಗೆ ಹೊಸದಾಗಿ ಬಂದವರು ಜೇಬಿನಿಂದ ದಿಕ್ಸೂಚಿ ತೆಗೆದು ನೋಡಿದರೆ ಅದರ ಮುಳ್ಳು ಉತ್ತರ ತೋರಿಸುವುದಿಲ್ಲ, ನನ್ನನ್ನು ತೋರಿಸುತ್ತದೆ. ನಾನು ಗಿರಣಿ ಓಬಳಮ್ಮ. ವಯಸ್ಸು ಐವತ್ತಮೂರು, ತೂಕ ಕೇಳಬೇಡಿ. ಬಸ್ ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿ ನಡೆಸುತ್ತೇನೆ. ನಾನು ಗಿರಣಿಯಲ್ಲಿದ್ದರೆ ಊರಿನ ಮುಳ್ಳುಗಳೆಲ್ಲ ಗಿರಣಿಯ ಕಡೆಗೆ, ಸಂತೆಗೆ ಹೋದರೆ ಸಂತೆಯ ಕಡೆಗೆ, ಬಚ್ಚಲಿಗೆ ಹೋದರೂ ಬಿಡುವುದಿಲ್ಲ. ನನಗಿಂತ ಮೊದಲು ಕ್ಷೌರದ ಕಾಟಯ್ಯನನ್ನು ತೋರಿಸುತ್ತಿದ್ದವಂತೆ. ಕಾಟಯ್ಯ ತೀರಿಕೊಂಡ ದಿನ ಸ್ಮಶಾನದಲ್ಲಿ ನಿಂತಿದ್ದವರ ಮುಳ್ಳುಗಳೆಲ್ಲ ಒಂದು ಸುತ್ತು ಸುತ್ತಿ, ಮದುವೆಯಾಗಿ ಬಂದು ಮೂರು ತಿಂಗಳೂ ಆಗಿರದ ನನ್ನ ಕಡೆಗೆ ನಿಂತವು. ಇವಳೇ ಯಾಕೆ ಎಂದು ಯಾರೂ ಕೇಳಲಿಲ್ಲ. ಇನ್ನು ಸೊಸೆ ಹೇಳದೆ ಕೇಳದೆ ತವರಿಗೆ ಹೋಗುವ ಹಾಗಿಲ್ಲ ಎಂದು ನಮ್ಮತ್ತೆ ಮಾತ್ರ ಖುಷಿಪಟ್ಟರು.

ಅದಕ್ಕೆ ಊರೂ ಹೊಂದಿಕೊಂಡಿತು, ನಾನೂ ಹೊಂದಿಕೊಂಡೆ. ಮನೆ ಕಟ್ಟುವವರು ಪಾಯದ ಹಿಂದಿನ ದಿನ ಬಂದು, ಅಕ್ಕಾ ನಾಳೆ ಎಂಟರಿಂದ ಹತ್ತರವರೆಗೆ ಗಿರಣಿ ಬಿಟ್ಟು ಅಲ್ಲಾಡಬೇಡ ಎಂದು ಹೇಳಿ ಹೋಗುತ್ತಾರೆ. ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಅವಸರ ಮಾಡಿ ಕಟ್ಟಿಕೊಂಡ ಹನ್ನೊಂದು ಮನೆಗಳು ಇವತ್ತಿಗೂ ಸೊಟ್ಟಗೆ ನಿಂತಿವೆ. ಆ ಬೀದಿಯ ಹೆಸರೇ ಬಾಣಂತಿ ಬೀದಿ. ಕಾಗದದ ಮೇಲೂ ಹಾಗೇ ಬರೆಯುತ್ತಾರೆ. ಅದರಿಂದ ನನಗೇನೂ ಬೇಸರವಿಲ್ಲ. ಬೇಸರವಾಗುವುದು ಬೇರೆ ವಿಷಯಕ್ಕೆ. ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಊಟ ಬಿಟ್ಟು ಎಲ್ಲಿಗಾದರೂ ಹೋಗಿ ಕೂತರೆ, ಐದು ನಿಮಿಷದಲ್ಲಿ ಅವರು ತಟ್ಟೆ ಹಿಡಿದುಕೊಂಡು ಎದುರಿಗೆ ನಿಂತಿರುತ್ತಾರೆ. ಮೊಮ್ಮಗಳು ಕಣ್ಣಾಮುಚ್ಚಾಲೆಗೆ ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಎಲ್ಲಿದ್ದೇನೆ ಎಂಬುದು ಯಾರಿಗೂ ಗೊತ್ತಿಲ್ಲದ ಒಂದೇ ಒಂದು ಗಳಿಗೆ ನನಗೆ ಸಿಕ್ಕಿಲ್ಲ.

ಈಗ ಪೆಟ್ಟಿಗೆ ಬೇಟೆಯ ವಿಷಯಕ್ಕೆ ಬರುತ್ತೇನೆ. ನಮ್ಮೂರಿನವರಿಗೆ ಅದರಷ್ಟು ಹುಚ್ಚು ಇನ್ಯಾವುದೂ ಇಲ್ಲ. ವರ್ಷಕ್ಕೊಮ್ಮೆ, ಚಳಿ ಮುಗಿಯುವ ಹೊತ್ತಿಗೆ, ಊರಾಚೆಯ ಕುರುಚಲು ಗುಡ್ಡಗಳಲ್ಲಿ ಐದು ಕಡೆ ಐದು ಪುಟ್ಟ ರೇಡಿಯೋ ಪೆಟ್ಟಿಗೆಗಳನ್ನು ಅಡಗಿಸಿ ಇಡುತ್ತಾರೆ. ಪೆಟ್ಟಿಗೆಗಳು ಸರದಿಯಲ್ಲಿ ಕೂಗುತ್ತವೆ. ಒಂದು ನಿಮಿಷ ಮೊದಲನೆಯದು, ಇನ್ನೊಂದು ನಿಮಿಷ ಎರಡನೆಯದು, ಹೀಗೆ ಐದೂ ಮುಗಿದ ಮೇಲೆ ಮತ್ತೆ ಮೊದಲನೆಯದು. ಮೊದಲನೆಯದರ ಕೂಗಿನಲ್ಲಿ ಒಂದು ಗಿಡ್ಡ ಸದ್ದು, ಎರಡನೆಯದರಲ್ಲಿ ಎರಡು, ಹಾಗೆ ಎಣಿಸಿದರೆ ಯಾವ ಪೆಟ್ಟಿಗೆಯೆಂದು ತಿಳಿಯುತ್ತದೆ. ಓಡುವವರ ಕಿವಿಗೆ ಹೆಡ್‌ಫೋನು, ಕೈಯಲ್ಲಿ ರಿಸೀವರು, ಅದಕ್ಕೆ ಗಾರೆಯವರ ಅಳತೆ ಟೇಪು ಕತ್ತರಿಸಿ ಮಾಡಿದ ಆಂಟೆನಾ. ಆಂಟೆನಾ ಪೆಟ್ಟಿಗೆಯ ಕಡೆ ತಿರುಗಿದರೆ ಸದ್ದು ಉಬ್ಬುತ್ತದೆ, ಪಕ್ಕಕ್ಕೆ ತಿರುಗಿದರೆ ಕುಗ್ಗುತ್ತದೆ. ದಿಕ್ಕು ಹಿಡಿಯಲು ಸಿಗುವುದು ಒಂದು ನಿಮಿಷ. ಆಮೇಲಿನ ನಾಲ್ಕು ನಿಮಿಷ ಆ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿರುವಾಗ, ಹಿಡಿದ ದಿಕ್ಕು ತಪ್ಪದ ಹಾಗೆ ಪೊದೆ, ಬಂಡೆ, ಹಳ್ಳ ಎಲ್ಲ ದಾಟಿ ಓಡಬೇಕು. ಪೆಟ್ಟಿಗೆ ಸಿಕ್ಕಿದರೆ ಅದಕ್ಕೆ ಕಟ್ಟಿರುವ ಪಂಚಿನಿಂದ ಚೀಟಿಗೆ ತೂತು ಹೊಡೆದುಕೊಂಡು ಮುಂದಿನದಕ್ಕೆ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಮಧ್ಯಾಹ್ನ ಹನ್ನೆರಡರೊಳಗೆ ವಾಪಸ್ಸು ಬರಬೇಕು. ತಡವಾದರೆ ಐದೂ ಪೆಟ್ಟಿಗೆ ಸಿಕ್ಕಿದ್ದರೂ ಲೆಕ್ಕಕ್ಕಿಲ್ಲ.

ಆ ನಾಲ್ಕು ನಿಮಿಷ ದಿಕ್ಕು ತಪ್ಪದಿರಬೇಕಾದರೆ ಮುಳ್ಳು ಬೇಕು. ಮುಳ್ಳು ನೆಟ್ಟಗಿರಬೇಕಾದರೆ ನಾನು ಒಂದು ಕಡೆ ಕೂತಿರಬೇಕು. ಹಾಗಾಗಿ ಬೇಟೆಯ ದಿನ ಗುಡ್ಡಗಳ ನಡುವಿನ ಚಪ್ಪಟೆ ಕಲ್ಲೇ ನನ್ನ ಜಾಗ. ಬೇಟೆ ಸಂಘದ ಕಾರ್ಯದರ್ಶಿ ಪಾಲಾಕ್ಷಪ್ಪ ಮೇಷ್ಟ್ರು ಬರೆದ ನಕ್ಷೆಯಲ್ಲಿ ಆ ಕಲ್ಲು ನಡುಮಧ್ಯದಲ್ಲಿದೆ, ಅದರಿಂದ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಗೆರೆಗಳು ಹೊರಟಿವೆ. ಓಡುವವರು ಕಲ್ಲಿನ ಬಳಿಯಿಂದಲೇ ಹೊರಟು ಅಲ್ಲಿಗೇ ಬರುತ್ತಾರೆ; ವಾಪಸ್ಸು ಬರುವವರಿಗೆಂದು ಕಲ್ಲಿನ ಪಕ್ಕ ಬೇರೆ ದನಿಯ ಇನ್ನೊಂದು ಪೆಟ್ಟಿಗೆ ಇಟ್ಟಿರುತ್ತಾರೆ. ನಡುವಿನ ಐದು ಗಂಟೆ ನಾನು, ಒಂದು ಕೊಡೆ, ಒಂದು ಫ್ಲಾಸ್ಕು. ಬಚ್ಚಲಿಗೆ ಏಳಬೇಕಾದರೂ ಸೀಟಿ ಊದಿ ಎಲ್ಲರಿಗೂ ತಿಳಿಸಿ ಏಳಬೇಕು. ಮಾನ ಮರ್ಯಾದೆ ಎನ್ನುವುದನ್ನು ಅಲ್ಲೇ ಆ ಕಲ್ಲಿನ ಕೆಳಗೆ ಹೂತಿಟ್ಟಿದ್ದೇನೆ.

ಹೊತ್ತು ಹೋಗಲಿ ಎಂದು ನಮ್ಮನೆಯವರು ಒಂದು ವರ್ಷ ಹಳೆಯ ರಿಸೀವರನ್ನು ನನ್ನ ಕೈಗೆ ಕೊಟ್ಟು ಹೋದರು. ಅವರ ಹೆಸರು ಮಲ್ಲೇಶಿ, ರೇಡಿಯೋ ರಿಪೇರಿ ಅವರ ಕೆಲಸ, ಪೆಟ್ಟಿಗೆ ಮಾಡುವವರೂ ಅವರೇ, ಅಡಗಿಸಿ ಇಡುವವರೂ ಅವರೇ. ಕಿವಿಗೆ ಹಾಕಿಕೊಂಡು ಕೇಳಿದೆ. ಇಷ್ಟು ವರ್ಷ ಗಿರಣಿಯ ಸದ್ದು ಕೇಳಿದ ಕಿವಿ ನನ್ನದು. ರಾಗಿ ನುಣ್ಣಗಾಯಿತೋ ಇಲ್ಲವೋ, ಜೋಳದಲ್ಲಿ ಕಲ್ಲು ಸೇರಿದೆಯೋ ಹೇಗೆ ಎಂದು ಬೆನ್ನು ತಿರುಗಿಸಿ ನಿಂತೇ ಹೇಳುತ್ತೇನೆ. ಸದ್ದು ಒಂದೆಳೆ ದಪ್ಪವಾದರೂ ನನಗೆ ಗೊತ್ತಾಗುತ್ತದೆ. ಅವತ್ತು ಕೂತಲ್ಲಿಂದಲೇ ಮೂರು ಪೆಟ್ಟಿಗೆಗಳು ಯಾವ ಗುಡ್ಡದ ಯಾವ ಬದಿಯಲ್ಲಿವೆ ಎಂದು ಗುರುತು ಹಿಡಿದುಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಹೇಳಿದರೆ ನಮ್ಮನೆಯವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇನ್ನೂ ಒಂದು ವಿಷಯವಿದೆ. ಮುಳ್ಳನ್ನು ನಾನು ಕೈಯಲ್ಲಿ ಹಿಡಿದರೆ ಅದು ಯಾವ ದಿಕ್ಕಿಗೂ ನಿಲ್ಲದೆ ಗಿರಗಿರ ಸುತ್ತುತ್ತದೆ. ಆದ್ದರಿಂದ ನೆರಳು ನೋಡಿ, ಗಾಳಿ ನೋಡಿ, ಎದುರಿಗೆ ಒಂದು ಮರ ಗುರುತಿಟ್ಟುಕೊಂಡು ನಡೆಯುವುದನ್ನು ನಾನು ಕಲಿತಿದ್ದೇನೆ. ಊರಿನಲ್ಲಿ ಆ ವಿದ್ಯೆ ಇರುವುದು ನನ್ನೊಬ್ಬಳಿಗೇ, ಮಿಕ್ಕವರಿಗೆ ಅದು ಬೇಕಾಗಿಯೇ ಇರಲಿಲ್ಲ.

ಅಲ್ಲಿಂದ ನನಗೂ ಆ ಹುಚ್ಚು ಹತ್ತಿಕೊಂಡಿತು. ಈ ವರ್ಷ ಸಂಘದ ಸಭೆಗೆ ಹೋಗಿ ನನ್ನ ಹೆಸರೂ ಬರೆದುಕೊಳ್ಳಿ, ನಾನೂ ಓಡುತ್ತೇನೆ ಎಂದೆ. ಪಾಲಾಕ್ಷಪ್ಪ ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಮೇಷ್ಟ್ರು ಒಳ್ಳೆಯವರೇ. ಪ್ರತಿ ವರ್ಷ ತಪ್ಪದೆ ಓಡಿ ತಪ್ಪದೆ ಕೊನೆಯವರಾಗಿ ಬರುತ್ತಾರೆ. ಆದರೆ ಶಿಸ್ತು ಎಂದರೆ ಪ್ರಾಣ. ನೀನು ಓಡಿದರೆ ಎಲ್ಲರ ಮುಳ್ಳೂ ಓಡುತ್ತದೆ, ನಾನು ಬರೆದ ನಕ್ಷೆಯನ್ನು ಒಲೆಗೆ ಹಾಕಬೇಕು, ಬೇಟೆ ನಡೆಯುವುದು ಹೇಗೆ ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಮೇಷ್ಟ್ರೇ, ಗೆಲ್ಲೋದು ನಂಗೆ ಬೇಕಾಗಿಲ್ಲ," ಎಂದೆ. "ಒಂದು ಪೆಟ್ಟಿಗೆ ನಾನೇ ಹುಡುಕ್ಬೇಕು. ಅದರ ಪಕ್ಕ ಒಂದು ಗಳಿಗೆ ನಿಲ್ಬೇಕು. ಓಬಳಮ್ಮ ಎಲ್ಲಿದ್ದಾಳೆ ಅಂತ ಆಗ ಈ ಊರಲ್ಲಿ ಒಬ್ಬರಿಗೂ ಗೊತ್ತಿರಬಾರ್ದು. ಇಪ್ಪತ್ತೊಂಬತ್ತು ವರ್ಷ ಕೂತಿದ್ದೀನಿ. ಇಷ್ಟು ಕೇಳಬಾರ್ದಾ?"

ಹಿಂದಿನ ಬೆಂಚಿನಿಂದ ಹಸೀನಾ ಎದ್ದಳು. ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ಹುಡುಗಿ, ಆರು ವರ್ಷದಿಂದ ಬೇಟೆ ಗೆದ್ದವರಿಗೆ ಕೊಡುವ ಕಪ್ಪು ಪ್ರತಿ ಸಲ ಅವಳ ಮನೆಗೇ ಹೋಗುತ್ತಿದೆ. ಓಬಕ್ಕ ಓಡಲಿ, ನಾವು ಮುಳ್ಳು ನೋಡದೆ ಕಿವಿ ನಂಬಿಕೊಂಡು ಓಡೋಣ, ಒಂದು ವರ್ಷ ಹಾಗೆ ಓಡಿದರೆ ಯಾರೂ ಸಾಯುವುದಿಲ್ಲ ಎಂದಳು. ಗೆಲ್ಲುವವಳೇ ಹೀಗೆ ಹೇಳಿದ ಮೇಲೆ ಸೋಲುವವರು ಏನು ಹೇಳುತ್ತಾರೆ? ಎಲ್ಲರೂ ಆಗಲಿ ಎಂದರು. ಮೇಷ್ಟ್ರು ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿ, ಓಬಳಮ್ಮ ಕೂತಿರತಕ್ಕದ್ದು ಎಂದು ಎಲ್ಲೂ ಬರೆದಿಲ್ಲದಿರುವುದನ್ನು ನೋಡಿ, ನಲವತ್ತೊಂದನೆಯ ನಂಬರು ನನಗೆ ಕೊಟ್ಟರು.

ಮುಂದಿನ ಇಪ್ಪತ್ತು ದಿನ ನಮ್ಮನೆಯವರು ನನ್ನ ಮುಖ ನೋಡುವುದನ್ನೇ ಬಿಟ್ಟರು. ಕಣ್ಣು ಕಣ್ಣು ಸೇರಿದರೆ ಪೆಟ್ಟಿಗೆಯ ಜಾಗ ಎಲ್ಲಿ ಬಾಯಿಗೆ ಬಂದುಬಿಡುತ್ತದೋ ಎಂದು ಅವರಿಗೆ ಹೆದರಿಕೆ. ಸಾರಿಗೆ ಉಪ್ಪು ಬೇಕಾದರೂ ಗೋಡೆಯ ಕಡೆ ತಿರುಗಿ ಕೇಳುತ್ತಿದ್ದರು.

ಬೇಟೆಯ ದಿನ ಬೆಳಿಗ್ಗೆ ಕಲ್ಲಿನ ಹತ್ತಿರ ಸೇರಿದಾಗ ನೋಡುತ್ತೇನೆ, ಎಲ್ಲರ ಎಡಗೈ ಹೆಬ್ಬೆರಳಿಗೂ ಮುಳ್ಳು ಕಟ್ಟಿಯೇ ಇದೆ. ನೋಡುವುದಿಲ್ಲವಂತೆ, ಸುಮ್ಮನೆ ಕಟ್ಟಿಕೊಂಡಿದ್ದಾರಂತೆ, ಇಲ್ಲದಿದ್ದರೆ ಕೈ ಹಗುರವೆನಿಸುತ್ತದಂತೆ. ಮೇಷ್ಟ್ರು ಸೀಟಿ ಊದಿದರು. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನ ಹಳೆಯ ಬೂಟು ಹಾಕಿಕೊಂಡು ಹೊರಟೆ. ಓಟ ಎಂದರೆ ಓಟವಲ್ಲ, ಬಿರುಸಾದ ನಡಿಗೆ ಅನ್ನಿ. ಆದರೆ ಆ ಕಲ್ಲನ್ನು ಹಿಂದೆ ಬಿಟ್ಟು ಗುಡ್ಡದ ಕಡೆ ಹತ್ತು ಹೆಜ್ಜೆ ಇಟ್ಟಾಗ ನನಗಾದ ಸಂತೋಷ ಹೇಳತೀರದು. ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಮೊದಲ ಪೆಟ್ಟಿಗೆ ಹಳ್ಳದ ದಂಡೆಯ ಕಾರೆ ಪೊದೆಯಲ್ಲಿ ಎಂಟೂವರೆಗೆ ಸಿಕ್ಕಿತು. ತೂತು ಹೊಡೆದು ತಲೆ ಎತ್ತುವಷ್ಟರಲ್ಲಿ ಪೊದೆಯಾಚೆಯಿಂದ ಒಬ್ಬೊಬ್ಬರೇ ಬಂದರು. ಏಳೋ ಎಂಟೋ ಜನ. ಇರಲಿ, ಅವರೂ ಹುಡುಕಿಕೊಂಡೇ ಬಂದಿರಬಹುದು ಎಂದು ಸುಮ್ಮನಾದೆ. ಎರಡನೆಯ ಪೆಟ್ಟಿಗೆ ಒಂದು ಹಳೇ ಹುಣಸೇಮರದ ಪೊಟರೆಯಲ್ಲಿತ್ತು. ಅಲ್ಲಿ ನಿಂತು ಉಸಿರು ಬಿಡುತ್ತಿದ್ದ ಹಾಗೇ ಎಡಗಡೆಯಿಂದ ಹತ್ತು ಜನ, ಬಲಗಡೆಯಿಂದ ಹದಿನೈದು ಜನ ಬಂದು ಮರದ ಸುತ್ತ ನೆರೆದರು. ಸೈಕಲ್ ಅಂಗಡಿಯವನಂತೂ ನನ್ನನ್ನು ಕಂಡು ಗಾಬರಿಯಾಗಿ, ಇದು ಕಲ್ಲಲ್ಲವೇ ಎಂದು ಕೇಳಿದ. ಪಾಪ, ದಾರಿ ತಪ್ಪಿದ ತಕ್ಷಣ ಅವನ ಕಣ್ಣು ತಾನಾಗಿ ಹೆಬ್ಬೆರಳಿಗೆ ಇಳಿದಿದೆ. ಮುಳ್ಳು ತೋರಿಸುವುದು ಕಲ್ಲನ್ನೇ ಎಂಬ ಇಪ್ಪತ್ತೊಂಬತ್ತು ವರ್ಷದ ಅಭ್ಯಾಸದಲ್ಲಿ ನಕ್ಷೆ ತಿರುಗಿಸಿಕೊಂಡು, ಎರಡು ಗುಡ್ಡ ಹತ್ತಿ ಇಳಿದು, ಕಲ್ಲಿನ ಹತ್ತಿರ ಬಂದೆ ಅಂದುಕೊಂಡು ನನ್ನ ಹತ್ತಿರ ಬಂದಿದ್ದಾನೆ. ಅರ್ಧ ಜನ ಅವನ ಹಾಗೆ ಬಂದವರು. ಇನ್ನರ್ಧ ಜನ ಹೇಗೆ ಬಂದರು ಎಂದು ಅವರು ನೆಲ ನೋಡುತ್ತ ನಿಂತದ್ದರಿಂದಲೇ ತಿಳಿಯುತ್ತಿತ್ತು. ಓಬಕ್ಕನಿಗೆ ಪೆಟ್ಟಿಗೆ ಸಿಗುತ್ತದೆ, ಮುಳ್ಳಿಗೆ ಓಬಕ್ಕ ಸಿಗುತ್ತಾಳೆ ಎಂಬ ಉಪಾಯ.

ಅಲ್ಲೇ ಮರದ ಬೇರಿನ ಮೇಲೆ ಕೂತುಬಿಟ್ಟೆ. ಅಳಬಾರದೆಂದುಕೊಂಡೇ ಅತ್ತೆ. ಕಲ್ಲಿನ ಮೇಲೆ ಕೂತಿದ್ದರೂ ಇದೇ, ಕಾಡಿಗೆ ಬಂದರೂ ಇದೇ, ನನ್ನ ಹಣೆಬರಹವೇ ಇಷ್ಟು ಎನಿಸಿತು. ಬಾಯಿಗೆ ಬಂದ ಹಾಗೆ ಬೈದೆ. ಯಾರು ಯಾರ ಮನೆಯ ಹಿಟ್ಟು ಯಾವತ್ತು ಪುಕ್ಕಟೆ ಬೀಸಿಕೊಟ್ಟಿದ್ದೇನೆ ಎಂಬುದನ್ನೂ ಬಿಡದೆ ಎತ್ತಿ ಆಡಿದೆ. ಆಮೇಲೆ ಅದಕ್ಕೂ ನಾಚಿಕೆಯಾಗಿ ಸುಮ್ಮನಾದೆ.

ಆಗ ಮೇಲಿನ ಬಂಡೆಯಿಂದ ಹಸೀನಾ ಇಳಿದು ಬಂದಳು. ಅವಳ ಚೀಟಿಯಲ್ಲಿ ಆಗಲೇ ಎರಡು ತೂತು. ಎರಡನ್ನೂ ಕಿವಿಯಿಂದಲೇ ಹುಡುಕಿದ್ದಳು. ಹೆಬ್ಬೆರಳಿನಲ್ಲಿ ಮುಳ್ಳಿರಲಿಲ್ಲ, ಹೊರಡುವಾಗಲೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದಳಂತೆ. ಸುತ್ತ ನಿಂತವರನ್ನು ಒಂದು ಸಲ ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಹೆಗಲಿನ ಚರ್ಮದ ಚೀಲದ ಬಾಯಿ ಅಗಲಿಸಿ, ತುಂಬಿದ ಬಸ್ಸಿನಲ್ಲಿ ಟಿಕೆಟ್ ಕೇಳುವ ಅದೇ ದನಿಯಲ್ಲಿ ಹೇಳಿದಳು.

"ಎಲ್ಲರೂ ಬಿಚ್ಚಿ ಹಾಕ್ರಿ. ಒಂದೂ ಉಳೀಬಾರ್ದು."

ಹಸೀನಾ ಆ ದನಿಯಲ್ಲಿ ಕೇಳಿದರೆ ಕೊಡದವರು ನಮ್ಮೂರಿನಲ್ಲಿಲ್ಲ. ಒಬ್ಬೊಬ್ಬರೇ ಬಂದು ಬೆರಳಿನ ದಾರ ಬಿಚ್ಚಿ ಮುಳ್ಳನ್ನು ಚೀಲಕ್ಕೆ ಹಾಕಿದರು. ಬಾರದವರು ಹತ್ತು ಹದಿನೈದು ಜನ ಉಳಿದಿದ್ದರು, ಅವರ ಹೆಸರು ಕೂಗುತ್ತ ಗುಡ್ಡ ಸುತ್ತಿ ಅವರದ್ದನ್ನೂ ಇಸಿದುಕೊಂಡಳಂತೆ. ಚೀಲವನ್ನು ಕಲ್ಲಿನ ಹತ್ತಿರ ಇಟ್ಟು ಬರುತ್ತೇನೆ, ನೀವು ಹೋಗಿ ಎಂದಳು. ಅಷ್ಟು ಹೊತ್ತು ಕಳೆದರೆ ನಿನ್ನ ಏಳನೆಯ ಕಪ್ಪು ಹೋಯಿತಲ್ಲೇ ಎಂದೆ. ಇಡಲು ಮನೆಯಲ್ಲಿ ಜಾಗವೂ ಇಲ್ಲ ಬಿಡಿ ಎಂದು ನಕ್ಕು ಹೊರಟೇಹೋದಳು. ಆ ಹುಡುಗಿಯ ಬೆನ್ನು ನೋಡುತ್ತ ನಿಂತೆ. ನನಗೆ ಮಗಳಿದ್ದರೆ ಹೀಗಿರಬೇಕಿತ್ತು ಎಂದುಕೊಂಡೆ.

ಮೂರನೆಯದೂ ನಾಲ್ಕನೆಯದೂ ಹೇಗೆ ಸಿಕ್ಕವು ಎಂದು ಬಿಡಿಸಿ ಹೇಳುವುದಿಲ್ಲ, ಮಂಡಿ ನೋವಿನ ಕಥೆ ಕೇಳಲು ಯಾರಿಗೂ ಇಷ್ಟವಿಲ್ಲ. ಪ್ರತಿ ಸಲವೂ ಹಿಂತಿರುಗಿ ನೋಡುತ್ತಿದ್ದೆ, ಯಾರೂ ಇರುತ್ತಿರಲಿಲ್ಲ. ದೂರದಲ್ಲಿ ಎಲ್ಲೋ ದಾರಿ ತಪ್ಪಿದವರು ಒಬ್ಬರನ್ನೊಬ್ಬರು ಕೂಗುವುದು, ನಗುವುದು ಮಾತ್ರ ಕೇಳುತ್ತಿತ್ತು. ಹನ್ನೊಂದೂವರೆಗೆ ಐದನೆಯ ಪೆಟ್ಟಿಗೆಯ ಕೂಗು ಹಿಡಿದೆ. ಐದು ಗಿಡ್ಡ ಸದ್ದು, ಜರಡಿ ಹಿಡಿದ ಅಕ್ಕಿಹಿಟ್ಟಿನಷ್ಟು ನುಣುಪು. ಕಾಲು ಗಂಟೆ ನಡೆದು, ಸ್ವಲ್ಪ ಹತ್ತಿ, ಸ್ವಲ್ಪ ಬಗ್ಗಿ ನೋಡಿದರೆ ಪೆಟ್ಟಿಗೆ ನನ್ನ ಕಣ್ಣೆದುರಿಗೇ ಇತ್ತು.

ಅದು ಎಲ್ಲಿತ್ತು ಎಂದು ನಿಮಗೆ ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಯಾರಿಗೂ ಹೇಳಿಲ್ಲ.

ಚೀಟಿಗೆ ತೂತು ಹೊಡೆದು ಸುಮ್ಮನೆ ನಿಂತೆ. ಮೊದಲು ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಕಾಲು ಉಳುಕಿದರೆ ಯಾರು ಬರುತ್ತಾರೆ, ಹಾವು ಕಚ್ಚಿದರೆ ಯಾರಿಗೆ ತಿಳಿಯುತ್ತದೆ ಎನಿಸಿತು. ಆಮೇಲೆ ಮೆಲ್ಲಗೆ ಸಂತೋಷ ಬಂತು. ಬೂಟು ಬಿಚ್ಚಿದೆ. ತುರುಬು ಬಿಚ್ಚಿದೆ. ಸೊಂಟದಲ್ಲಿ ಕಟ್ಟಿಕೊಂಡಿದ್ದ ಶೇಂಗಾ ಉಂಡೆಗಳನ್ನು ಒಂದೊಂದೇ ತಿಂದೆ, ಒಂದನ್ನೂ ಯಾರಿಗೂ ಕೊಡಬೇಕಾಗಿರಲಿಲ್ಲ. ನನಗೆ ಹಾಡಲು ಬರುವುದಿಲ್ಲ, ಆದರೂ ಹಾಡಿದೆ. ಇನ್ನೊಂದು ಮಾತು, ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ, ಸ್ವಲ್ಪ ಕುಣಿದೆ ಕೂಡ. ಬಿಸಿಲಿಗೆ ಕಾಲು ಚಾಚಿ ಮಲಗಿ ಆಕಾಶ ನೋಡಿದೆ. ಯಾವ ಮನೆಯ ಪಾಯವೂ ಇವತ್ತು ನನ್ನ ಮೇಲಿಲ್ಲ ಎಂದುಕೊಂಡರೆ ಮೈಯೆಲ್ಲ ಹಗುರವಾಯಿತು. ಹನ್ನೆರಡಾಯಿತು ಎಂದು ಗೊತ್ತಿತ್ತು. ಆಗಲಿ ಬಿಡು ಎಂದು ಮಗ್ಗುಲು ಬದಲಿಸಿದೆ.

ಇತ್ತ ಕಲ್ಲಿನ ಹತ್ತಿರ ನಡೆದದ್ದನ್ನು ಆಮೇಲೆ ಹೇಳಿದರು. ಮುಳ್ಳಿಲ್ಲದೆ ಹೋದವರು ಒಂದೇ ಗುಡ್ಡವನ್ನು ಮೂರು ಮೂರು ಸಲ ಸುತ್ತಿ, ಮೈಕೈ ತರಚಿಸಿಕೊಂಡು, ಇಂಥ ಬೇಟೆ ಹುಟ್ಟಿದಾಗಿನಿಂದ ಆಡಿರಲಿಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದರಂತೆ. ಯಾರಿಗೂ ಎರಡು ಪೆಟ್ಟಿಗೆಗಿಂತ ಹೆಚ್ಚು ಸಿಕ್ಕಿರಲಿಲ್ಲ. ಮೂರು ಸಿಕ್ಕದ್ದು ಒಬ್ಬರಿಗೇ, ಅದು ಪಾಲಾಕ್ಷಪ್ಪ ಮೇಷ್ಟ್ರಿಗೆ. ಅವರ ಕಣ್ಣಿಗೆ ಮುಳ್ಳು ಯಾವತ್ತೂ ಸರಿಯಾಗಿ ಕಾಣಿಸುತ್ತಿರಲಿಲ್ಲವಂತೆ, ಹೇಳಿಕೊಳ್ಳಲು ನಾಚಿಕೊಂಡು ಇಷ್ಟು ವರ್ಷ ಅಂದಾಜಿನ ಮೇಲೇ ಓಡಿದ್ದರಂತೆ. ಕಪ್ಪು ಕೈಗೆ ಬಂದಾಗ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅದನ್ನು ನೋಡಿದರಂತೆ.

ಹನ್ನೆರಡು ದಾಟಿತು, ಹನ್ನೆರಡೂವರೆಯಾಯಿತು, ಒಂದಾಯಿತು. ನಾನಿಲ್ಲ. ನಗು ನಿಂತಿತು. ಹಸೀನಾ ನನ್ನ ಕಲ್ಲಿನ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಬಕ್ಕಲ್ಲು ಹಾಕಿದ ಚೀಲ, ಅದರೊಳಗೆ ನಲವತ್ತು ಮುಳ್ಳುಗಳು. ಬಕ್ಕಲ್ಲು ತೆಗೆದು ಒಂದು ಸಲ ಇಣುಕಿದರೆ ನಾನು ಯಾವ ಕಡೆ ಇದ್ದೇನೆ ಎಂದು ಗೊತ್ತಾಗುತ್ತದೆ. ನಮ್ಮನೆಯವರು ಕಲ್ಲಿನ ಸುತ್ತ ಸುತ್ತುತ್ತಿದ್ದರಂತೆ. ಐದನೆಯ ಪೆಟ್ಟಿಗೆಯ ಜಾಗ ಅವರಿಗೆ ಗೊತ್ತು. ಆದರೆ ನಾನು ಅದರ ಹತ್ತಿರ ಇದ್ದೇನೋ, ಇನ್ನೆಲ್ಲಾದರೂ ಬಿದ್ದಿದ್ದೇನೋ ಅವರಿಗೇನು ಗೊತ್ತು? ಒಂದು ಸಲ ಕೈ ಚಾಚಿ ಬಕ್ಕಲ್ಲು ಹಿಡಿದರಂತೆ. ಹಸೀನಾ ಬೇಡ ಎನ್ನಲಿಲ್ಲ, ಸುಮ್ಮನೆ ಅವರ ಮುಖ ನೋಡಿದಳಂತೆ. ಇಪ್ಪತ್ತೊಂಬತ್ತು ವರ್ಷ ನನ್ನ ಹಿಂದೆ ತಟ್ಟೆ ಹಿಡಿದು ಬಂದ ಮನುಷ್ಯ ಬಕ್ಕಲ್ಲು ಬಿಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡು ಹೇಳಿದರಂತೆ.

"ಬೇಡ. ಅವಳು ಕೇಳಿದ್ದು ಇದೊಂದೇ."

ನಾನು ಬಂದದ್ದು ಒಂದೂಕಾಲಿಗೆ. ಕಲ್ಲಿನ ಪಕ್ಕದ ಆ ಪೆಟ್ಟಿಗೆ ಎಡೆಬಿಡದೆ ಕೂಗುತ್ತಿರುತ್ತದೆ, ಅದನ್ನು ಕೇಳಿಕೊಂಡು ಗುಡ್ಡದ ಹಿಂಬದಿಯಿಂದ ಇಳಿದು ಬಂದೆ. ಕಾರೆ ಪೊದೆ ಸರಿಸಿ ನೋಡಿದರೆ ಎಲ್ಲರೂ ಅಲ್ಲೇ ಇದ್ದರು. ಮೇಷ್ಟ್ರು ಕಪ್ಪನ್ನು ಕಂಕುಳಲ್ಲಿ ಹಿಡಿದು ಹಣೆಗೆ ಕೈ ಅಡ್ಡ ಇಟ್ಟುಕೊಂಡಿದ್ದಾರೆ. ಸೈಕಲ್ ಅಂಗಡಿಯವನು ತುದಿಗಾಲಲ್ಲಿ ನಿಂತಿದ್ದಾನೆ. ಹಸೀನಾ ಚೀಲ ತಬ್ಬಿಕೊಂಡು ಕತ್ತು ಚಾಚಿದ್ದಾಳೆ. ನಮ್ಮನೆಯವರು ಎಲ್ಲರಿಗಿಂತ ಮುಂದೆ ಹೋಗಿ ನಿಂತಿದ್ದಾರೆ. ಊರಿಗೆ ಊರೇ ನಾನು ಬೆಳಿಗ್ಗೆ ಹೋಗಿದ್ದ ಹಳ್ಳದ ಕಡೆ ನೋಡುತ್ತಿತ್ತು. ಎಲ್ಲರ ಬೆನ್ನು ನನ್ನ ಕಡೆಗಿತ್ತು.

ನಾನು ಕೂಗಲಿಲ್ಲ. ಕೂದಲು ಕಟ್ಟಿಕೊಳ್ಳುತ್ತ, ಅವರ ಹಿಂದೆ ಹತ್ತು ಮಾರು ದೂರದಲ್ಲಿ, ಕಣ್ತುಂಬ ನೋಡುತ್ತ ನಿಂತುಕೊಂಡೆ. ಮನಸ್ಸು ತುಂಬಿದ ಮೇಲೆ ಹತ್ತಿರ ಹೋಗಿ ನಮ್ಮನೆಯವರ ಪಕ್ಕ ನಿಂತು, ನಾನೂ ಹಳ್ಳದ ಕಡೆಗೇ ನೋಡುತ್ತ ಕೇಳಿದೆ.

"ಯಾರನ್ನ ಕಾಯ್ತಾ ಇದೀರಿ?"